ಲಕ್ಸ್‌ಫರ್ 80 ಅಲ್ಯೂಮಿನಿಯಂ ಸಿಲಿಂಡರ್: ಮೂರು ಜಲಪರೀಕ್ಷೆಗಳನ್ನು ದಾಟಿದ ನಂತರ

ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ನಾನು ಬಳಸುತ್ತಿರುವ, ಲಕ್ಸ್‌ಫರ್ ಕಂಪನಿಯ ಸ್ಕೂಬಾ ಸಿಲಿಂಡರಿನ (ನೀರಿನೊಳಗೆ ಉಸಿರಾಡಲು ಗಾಳಿ ತುಂಬಿಕೊಂಡು ಹೋಗುವ, ಸುಮಾರು 80 ಘನ ಅಡಿ ಗಾಳಿ ಹಿಡಿಯುವ ಸಿಲಿಂಡರ್) ಭುಜದ ಮೇಲೆ, ಅಂದರೆ ಕತ್ತಿನ ಕೆಳಗಿನ ಬಾಗಿದ ಭಾಗದ ಮೇಲೆ, 2009ರ ತಯಾರಿಕೆಯ ಮುದ್ರೆಯಿದೆ. ಅದರ ಪಕ್ಕದಲ್ಲಿ 2014, 2019 ಮತ್ತು 2024ರ ಜಲಪರೀಕ್ಷೆಗಳ, ಅಂದರೆ ನೀರಿನ ಒತ್ತಡದಿಂದ ಸಿಲಿಂಡರಿನ ಬಲವನ್ನು ನೋಡುವ ಪರೀಕ್ಷೆಗಳ, ಮುದ್ರೆಗಳಿವೆ. ಹೊಸದಿದ್ದಾಗಲೇ ಕೊಂಡ ಈ ಸಿಲಿಂಡರಿಗೆ ಇಂದಿಗೂ 3000 ಪಿಎಸ್‌ಐ, ಅಂದರೆ 207 ಬಾರ್ ಒತ್ತಡದವರೆಗೆ ಗಾಳಿ ತುಂಬಿಸುತ್ತೇನೆ. ಇಷ್ಟು ಹಳೆಯದನ್ನು ಬೆನ್ನಿಗೆ ಕಟ್ಟಿಕೊಂಡು ನೀರಿಗೆ ಇಳಿಯಬಹುದೇ ಎಂದು ಹೊಸಬರು ಕೇಳುವುದುಂಟು. ಧಾರಾಳವಾಗಿ ಇಳಿಯಬಹುದು ಎಂಬುದೇ ನನ್ನ ಅಭಿಪ್ರಾಯ. ಆದರೆ ಅದಕ್ಕೆ ಆಧಾರ ವಯಸ್ಸಲ್ಲ, ಲೋಹ ಮತ್ತು ಆರೈಕೆ.

ಅಮೆರಿಕದ ನಿಯಮಗಳಲ್ಲಿ ಪೂರ್ಣ ಅಲ್ಯೂಮಿನಿಯಂ ಅಥವಾ ಉಕ್ಕಿನ ಸಿಲಿಂಡರಿಗೆ ಇಷ್ಟೇ ವರ್ಷ ಎಂಬ ಆಯುಸ್ಸಿನ ಮಿತಿಯಿಲ್ಲ. ಐದು ವರ್ಷಕ್ಕೊಮ್ಮೆ ಜಲಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಅಷ್ಟೇ. ಸಿಲಿಂಡರಿಗೆ ನೀರು ತುಂಬಿ, ಅದನ್ನು ನೀರಿನ ಕವಚದೊಳಗೆ ಇಳಿಸಿ, ಬಳಕೆಯ ಒತ್ತಡದ 5/3ರಷ್ಟಕ್ಕೆ, ಅಂದರೆ ನನ್ನ ಸಿಲಿಂಡರಿನ ಮಟ್ಟಿಗೆ 5000 ಪಿಎಸ್‌ಐಗೆ ಏರಿಸಿದಾಗ, ಲೋಹ ಎಷ್ಟು ಹಿಗ್ಗಿತು ಮತ್ತು ಒತ್ತಡ ಇಳಿಸಿದ ಮೇಲೆ ಎಷ್ಟರಮಟ್ಟಿಗೆ ಮೊದಲಿನ ಗಾತ್ರಕ್ಕೆ ಮರಳಿತು ಎಂಬುದನ್ನು ಅಳೆಯುತ್ತಾರೆ. ಮರಳದೆ ಉಳಿದ ಹಿಗ್ಗು ಒಟ್ಟು ಹಿಗ್ಗಿನ ಶೇ. 10ನ್ನು ಮೀರಿದರೆ ಆ ಸಿಲಿಂಡರನ್ನು ಬಳಕೆಯಿಂದ ತೆಗೆಯುತ್ತಾರೆ. ಇದಲ್ಲದೆ ವರ್ಷಕ್ಕೊಮ್ಮೆ ವಾಲ್ವ್ ಬಿಚ್ಚಿ, ಒಳಗೆ ದೀಪ ಇಳಿಸಿ ನೋಡುವ ತಪಾಸಣೆಯನ್ನು ಡೈವಿಂಗ್ ಅಂಗಡಿಗಳು ಕೇಳುತ್ತವೆ. ನನಗೆ ಹೆಚ್ಚು ನಂಬಿಕೆ ಈ ತಪಾಸಣೆಯ ಮೇಲೆ, ಏಕೆಂದರೆ ಐದು ವರ್ಷಗಳ ನಡುವೆ ಒಳಗೆ ಸೇರಿದ ತೇವವನ್ನೂ ವಾಲ್ವ್ ಕೂರುವ ಕತ್ತಿನ ತಿರುಪಿನ ಎಳೆಗಳಲ್ಲಿ ಮೂಡುವ ಬಿರುಕನ್ನೂ ಮೊದಲು ಕಾಣುವುದು ಕಣ್ಣೇ.

ಬಳಸಿದ ಸಿಲಿಂಡರ್ ಕೊಳ್ಳುವವರು ಇದನ್ನು ಗಮನವಿಟ್ಟು ಓದಬೇಕು. 1988ಕ್ಕೆ ಮೊದಲು ಲಕ್ಸ್‌ಫರ್ ಅಮೆರಿಕದಲ್ಲಿ 6351 ಎಂಬ ಮಿಶ್ರಲೋಹವನ್ನು ಬಳಸುತ್ತಿತ್ತು. ನಿರಂತರ ಒತ್ತಡದಲ್ಲಿರುವ ಆ ಲೋಹದಲ್ಲಿ, ಕತ್ತು ಮತ್ತು ಭುಜದ ಭಾಗದಲ್ಲಿ, ನಿಧಾನವಾಗಿ ಬಿರುಕು ಬೆಳೆಯಬಲ್ಲದು; ಅಂತಹ ಕೆಲವು ಸಿಲಿಂಡರುಗಳು ಗಾಳಿ ತುಂಬುವಾಗಲೇ ಸಿಡಿದಿವೆ. ಆದ್ದರಿಂದ ಅವುಗಳಿಗೆ ಜಲಪರೀಕ್ಷೆಯ ಜೊತೆಗೆ ಎಡ್ಡಿ ಕರೆಂಟ್ ಪರೀಕ್ಷೆಯೂ (ಲೋಹದಲ್ಲಿ ವಿದ್ಯುತ್ ಸುಳಿಗಳನ್ನು ಹುಟ್ಟಿಸಿ ಬಿರುಕು ಹುಡುಕುವ ಪರೀಕ್ಷೆ) ಕಡ್ಡಾಯ. ಅದರಲ್ಲಿ ತೇರ್ಗಡೆಯಾದರೂ ಹಲವು ಅಂಗಡಿಗಳು ಅವುಗಳಿಗೆ ಗಾಳಿ ತುಂಬಲು ಒಪ್ಪುವುದಿಲ್ಲ. ಸಿಲಿಂಡರ್ ತುಂಬುವ ಕೆಲಸಗಾರನ ಪ್ರಾಣದ ಪ್ರಶ್ನೆ ಇದಾದ್ದರಿಂದ ಅಂಗಡಿಯವರ ನಿಲುವು ನನಗೆ ಸರಿಯೆನಿಸುತ್ತದೆ. ಈಗಿನವು 6061 ಮಿಶ್ರಲೋಹದವು. ಈ ದೋಷ ಇವಕ್ಕಿಲ್ಲ.

ಆರೈಕೆಯೆಂದರೆ ದೊಡ್ಡ ವಿದ್ಯೆಯೇನಲ್ಲ. ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆಯುತ್ತೇನೆ. ತಳದ ಪ್ಲಾಸ್ಟಿಕ್ ಬೂಟನ್ನು ಕಳಚಿ ಒಣಗಿಸುವುದನ್ನು ಮಾತ್ರ ಬಿಡುವುದಿಲ್ಲ, ಏಕೆಂದರೆ ಉಪ್ಪುನೀರು ಅಲ್ಲಿ ನಿಂತು ಅಲ್ಯೂಮಿನಿಯಂನಲ್ಲಿ ಗುಳಿ ಬೀಳಿಸುತ್ತದೆ. ಒಳಗಿನ ಗಾಳಿಯನ್ನು ಪೂರ್ತಿ ಖಾಲಿಮಾಡದೆ, ಸ್ವಲ್ಪ ಒತ್ತಡ ಉಳಿಸಿಕೊಂಡೇ ಮೇಲೆ ಬರುತ್ತೇನೆ. ಇದರಿಂದ ಸಮುದ್ರದ ನೀರು ವಾಲ್ವಿನ ಮೂಲಕ ಒಳಗೆ ನುಗ್ಗುವುದಿಲ್ಲ. ಹಳೆಯ ಸಿಲಿಂಡರಿಗೆ ಹೊಸ ಬಣ್ಣ ಹಚ್ಚಿಸುವ ಆಸೆಯಿದ್ದವರು, ಭಟ್ಟಿಯಲ್ಲಿ ಕಾಯಿಸಿ ಕೂರಿಸುವ ಪೌಡರ್ ಲೇಪನವನ್ನು ದಯವಿಟ್ಟು ಮಾಡಿಸಬೇಡಿ. ಕಾವು ಈ ಲೋಹದ ಬಲವನ್ನು ಕುಂದಿಸುತ್ತದೆ, ಮತ್ತು 177 ಡಿಗ್ರಿ ಸೆಲ್ಸಿಯಸ್ ಮೀರಿ ಕಾದ ಅಲ್ಯೂಮಿನಿಯಂ ಸಿಲಿಂಡರನ್ನು ನಿಯಮದ ಪ್ರಕಾರವೇ ಬಳಕೆಯಿಂದ ತೆಗೆಯಬೇಕು.

ನನ್ನ ಆಕ್ಷೇಪ ಒಂದೇ. ಗಾಳಿ ತೀರುತ್ತಾ ಬಂದಂತೆ ಈ ಅಲ್ಯೂಮಿನಿಯಂ ಸಿಲಿಂಡರ್ ತೇಲತೊಡಗುತ್ತದೆ. ಖಾಲಿಯಾದಾಗ ಸುಮಾರು 2 ಕಿಲೋದಷ್ಟು ಮೇಲಕ್ಕೆ ಎಳೆಯುವುದರಿಂದ, ಮಾಂಟೆರೆಯ ತಣ್ಣೀರಿಗೆ ಬೇಕಾದ ದಪ್ಪ ಸೂಟಿನೊಂದಿಗೆ ಸೊಂಟಕ್ಕೆ ಹೆಚ್ಚು ಸೀಸ ಕಟ್ಟಿಕೊಳ್ಳಬೇಕಾಗುತ್ತದೆ. ಉಕ್ಕಿನ ಸಿಲಿಂಡರಿನಲ್ಲಿ ಈ ತೊಂದರೆ ಕಡಿಮೆ, ಆದರೆ ಒಳಗೆ ತೇವ ಸೇರಿದರೆ ಅದು ಬೇಗ ತುಕ್ಕು ಹಿಡಿಯುತ್ತದೆ. ಗಾಳಿ ತುಂಬಿಸುವ ಅಂಗಡಿಯ ಕಂಪ್ರೆಸರ್ ಒಣ ಗಾಳಿ ಕೊಡುತ್ತದೆಂಬ ಭರವಸೆಯಿರುವವರು ಉಕ್ಕಿನದನ್ನೇ ಕೊಳ್ಳಬಹುದು. ಆ ಭರವಸೆಯಿಲ್ಲದವರಿಗೆ ನಾನು ಇದನ್ನೇ ಸೂಚಿಸುತ್ತೇನೆ.