ಕ್ಯಾಬಿನೆಟ್ ಜೊತೆ ಫ್ರೀ ಬಂದ ಎಸ್‌ಎಂಪಿಎಸ್ ನಂಬಿ ಕೆಟ್ಟೆ

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನಮ್ಮ ಮನೆ. ಸ್ಟುಡಿಯೋಗಳಿಗೆ ಮದುವೆ ಆಲ್ಬಮ್ ಡಿಸೈನ್, ವಿಡಿಯೋ ಮಿಕ್ಸಿಂಗ್ ಮಾಡಿಕೊಡುವುದು ನನ್ನ ಕೆಲಸ. ಹಳೇ ಕಂಪ್ಯೂಟರ್ ತೆವಳುತ್ತಿತ್ತು. ಚಳಿಗಾಲದಲ್ಲಿ ಹೊಸದನ್ನು ನಾನೇ ಜೋಡಿಸಿದೆ. ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್ ಎಲ್ಲ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಂಡೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಬ್ಯಾಗ್ ತಬ್ಬಿಕೊಂಡು, ನಿದ್ದೆಗೆಟ್ಟು ತಂದೆ. ಇವನ್ನೆಲ್ಲ ಕೂರಿಸುವ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್ ದೊಡ್ಡದು, ರೈಲಲ್ಲಿ ಯಾರು ಹೊರ್ತಾರೆ ಅಂತ ಅದೊಂದನ್ನು ಮಾತ್ರ ಊರಲ್ಲೇ ತಗೊಂಡೆ. ಎಡವಿದ್ದು ಅಲ್ಲೇ.

"ಅಣ್ಣಾ, ಇದ್ರ ಜೊತೆ 450 ವಾಟ್ ಎಸ್‌ಎಂಪಿಎಸ್ ಫ್ರೀ ಐತಿ. ಬೇರೆ ಯಾಕ್ ತಗೋತೀರಿ, ಸುಮ್ನೆ ಮೂರು ಸಾವಿರ ದಂಡ" ಅಂದ ಅಂಗಡಿಯವನು. ಎಸ್‌ಎಂಪಿಎಸ್ ಅಂದರೆ ಮನೆಯ ಕರೆಂಟನ್ನು ಕಂಪ್ಯೂಟರ್ ಭಾಗಗಳಿಗೆ ಹೊಂದುವ ಹಾಗೆ ಮಾಡಿ ಕೊಡುವ ಡಬ್ಬಿ. ಮೂರು ಸಾವಿರ ಉಳೀತು ಅಂತ ನಾನೂ ಖುಷಿಪಟ್ಟೆ.

ಎರಡು ತಿಂಗಳು ಏನೂ ತೊಂದರೆ ಇರಲಿಲ್ಲ. ಮಾರ್ಚ್‌ನಲ್ಲಿ ಬಿಸಿಲು ಏರಿದ ಹಾಗೆ ಕಾಟ ಶುರುವಾಯಿತು. ಬೆಳಿಗ್ಗೆ ಆನ್ ಮಾಡಿದರೆ ಮದರ್‌ಬೋರ್ಡ್ ಲೋಗೋ ಬರುತ್ತೆ, ಕೆಳಗೆ ಚುಕ್ಕೆಗಳು ಎರಡು ಸುತ್ತು ತಿರುಗುತ್ತವೆ, ಹಾಗೇ ನಿಂತುಬಿಡುತ್ತೆ. ಬಟನ್ ಒತ್ತಿ ಹಿಡಿದು ಆಫ್ ಮಾಡಿ ಮತ್ತೆ ಆನ್. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ವಿಂಡೋಸ್ ಬರೋದು. ಬಂದಮೇಲೂ ನೆಮ್ಮದಿ ಇಲ್ಲ. ಬ್ರೌಸರ್ ನೋಡ್ತಾ ಕೂತರೆ ದಿನಗಟ್ಟಲೆ ಏನೂ ಆಗಲ್ಲ, ವಿಡಿಯೋ ರೆಂಡರ್ ಹಾಕಿದರೆ, ಅಂದರೆ ಮಿಕ್ಸ್ ಮಾಡಿದ್ದನ್ನು ಒಂದೇ ಫೈಲ್ ಮಾಡೋಕೆ ಬಿಟ್ಟರೆ ಮಾತ್ರ ಟಪ್ ಅಂತ ಸ್ಕ್ರೀನ್ ಕಪ್ಪಾಗಿ ರೀಸ್ಟಾರ್ಟ್. ಅಕ್ಷಯ ತೃತೀಯದ ಮದುವೆಗಳ ಕೆಲಸ ಕೈಯಲ್ಲಿ. ಸೇವ್ ಆಗುತ್ತಿರುವಾಗಲೇ ಹೀಗಾಗಿ ಒಂದು ಆಲ್ಬಮ್ ಫೈಲ್ ಪೂರ್ತಿ ಕೆಟ್ಟಿತು. ನಲವತ್ತು ಪುಟ ಮತ್ತೆ ಮೊದಲಿಂದ ಮಾಡಿದೆ.

ಅದೇ ಅಂಗಡಿಗೆ ಹೊತ್ತೊಯ್ದೆ. "ವಿಂಡೋಸ್ ಕರಪ್ಟ್ ಆಗೈತಿ" ಅಂತ ಫಾರ್ಮ್ಯಾಟ್ ಹೊಡೆದ, 500 ರೂಪಾಯಿ. ವಾರಕ್ಕೆ ಮತ್ತೆ ಅದೇ ಕಥೆ. ಮತ್ತೆ ಫಾರ್ಮ್ಯಾಟ್, ಮತ್ತೆ 500. ಮೂರನೇ ಸಲ ರ‍್ಯಾಮ್ ಹೋಗಿದೆ ಅಂದ. ಅದನ್ನೂ ಕೊಂಡೆ. ಹಳೇ ರ‍್ಯಾಮ್ ಒಮ್ಮೆ ಪರೀಕ್ಷೆ ಮಾಡೋಣ ಅಂತ ನನಗೂ ಹೊಳೆಯಲಿಲ್ಲ, ನೋಡಿ. ಹೊಸದು ಹಾಕಿದ ದಿನ ಸಂಜೆಯೇ ಟಪ್.

ಸಿಟ್ಟು ಬಂದು ನಾನೇ ಕೂತೆ. ವಿಂಡೋಸ್‌ನ ಇವೆಂಟ್ ವ್ಯೂವರ್ (ಕಂಪ್ಯೂಟರ್‌ನಲ್ಲಿ ಆದದ್ದು ದಾಖಲಾಗುವ ಜಾಗ) ತೆರೆದರೆ ಸಾಲುಸಾಲಾಗಿ 'ಕರ್ನಲ್ ಪವರ್ 41'. ಹೆಸರಲ್ಲಿ ಪವರ್ ಇದೆ ಅಂತ ಇದನ್ನೇ ಸಾಕ್ಷಿ ಅಂದುಕೊಳ್ಳಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ಕಂಪ್ಯೂಟರ್ ನಿಂತಿತ್ತು ಅಂತಷ್ಟೇ ಅದು ಹೇಳೋದು, ಯಾಕೆ ಅಂತ ಹೇಳಲ್ಲ. ಹಳೇ ರ‍್ಯಾಮನ್ನೇ ವಾಪಸ್ ಹಾಕಿ, ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಅನ್ನೋ ಮೆಮೊರಿ ಪರೀಕ್ಷೆಯ ಸಾಫ್ಟ್‌ವೇರ್ ಓಡಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ನಾಲ್ಕು ಪಾಸ್ (ಸುತ್ತು) ಮುಗಿದು ಎರರ್ ಸೊನ್ನೆ. ಅಂದರೆ ಹೊಸ ರ‍್ಯಾಮ್‌ಗೆ ಕೊಟ್ಟ ದುಡ್ಡು ನೀರಲ್ಲಿ ಹೋಮ.

ಆಮೇಲೆ ಎಸ್‌ಎಂಪಿಎಸ್ ಕ್ಯಾಬಿನೆಟ್‌ನಿಂದ ಬಿಚ್ಚಿ ಹೊರಗೆ ತೆಗೆದೆ. ತೂಕವೇ ಇಲ್ಲ, ಖಾಲಿ ಟಿಫಿನ್ ಡಬ್ಬಿ ಹಿಡಿದ ಹಾಗಿತ್ತು. ಮೇಲೆ ದಪ್ಪ ಅಕ್ಷರದಲ್ಲಿ 450 ವಾಟ್. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಟೇಬಲ್. ಅದರಲ್ಲಿ 12 ವೋಲ್ಟ್ ಲೈನ್‌ನ ಕೆಳಗೆ 14 ಆಂಪಿಯರ್. ಗುಣಿಸಿದರೆ 168 ವಾಟ್ ಅಷ್ಟೇ! ಪ್ರೊಸೆಸರ್ರೂ ಗ್ರಾಫಿಕ್ಸ್ ಕಾರ್ಡೂ ಮುಖ್ಯವಾಗಿ ಊಟ ಮಾಡೋದು ಈ 12 ವೋಲ್ಟ್ ಲೈನ್‌ನಿಂದಲೇ. ಕಂಪನಿ ಲೆಕ್ಕದಲ್ಲೇ ಪ್ರೊಸೆಸರ್‌ಗೆ 65, ಕಾರ್ಡ್‌ಗೆ 130, ಒಟ್ಟು 195 ವಾಟ್. ಸುಮ್ನೆ ಇದ್ದಾಗ ಓಡುತ್ತೆ, ರೆಂಡರ್ ಹಾಕಿದರೆ ಬೀಳುತ್ತೆ ಅನ್ನೋದಕ್ಕೆ ಉತ್ತರ ಅಲ್ಲೇ ಬರೆದಿತ್ತು.

ಆದರೂ ಖಾತ್ರಿ ಮಾಡಿಕೊಳ್ಳೋಣ ಅಂತ ಅದನ್ನೇ ಮತ್ತೆ ಕೂರಿಸಿ, ಬಿಡಿಯಾಗಿದ್ದ ನಾಲ್ಕು ಪಿನ್ನಿನ ಕನೆಕ್ಟರ್‌ನ ಹಳದಿ ಮತ್ತು ಕಪ್ಪು ವೈರ್‌ಗೆ ಮಲ್ಟಿಮೀಟರ್ ಹಿಡಿದೆ. ಕೆಲಸ ಇಲ್ಲದೆ ಖಾಲಿ ಇದ್ದಾಗ 11.8 ವೋಲ್ಟ್. ರೆಂಡರ್ ಶುರು ಮಾಡಿದ ತಕ್ಷಣ 11.1ಕ್ಕೆ ಇಳೀತು. 11.4ರಿಂದ 12.6ರ ಒಳಗಿರಬೇಕು ಅನ್ನೋದು ಲೆಕ್ಕ. ಸ್ಟುಡಿಯೋ ಅಣ್ಣನ ಹತ್ತಿರ ಒಳ್ಳೇ ಎಸ್‌ಎಂಪಿಎಸ್ ಒಂದು ದಿನಕ್ಕೆ ಬೇಡಿ ತಂದೆ. ಮೂರು ಗಂಟೆ ರೆಂಡರ್, ಹತ್ತು ಸಲ ಆನ್-ಆಫ್. ಒಂದು ಸಲವೂ ನಿಲ್ಲಲಿಲ್ಲ. ಹೀಗೆ ಬೇರೆಯವರದ್ದು ತಂದು ನೋಡುವಾಗ ಅದರ ಕೇಬಲ್‌ಗಳನ್ನೂ ಜೊತೆಗೇ ತನ್ನಿ. ಬಿಚ್ಚಿ ಹಾಕುವ ಕೇಬಲ್‌ಗಳ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಅದಲು ಬದಲಾದರೆ ಫೈಲ್‌ಗಳೆಲ್ಲ ಇರುವ ಎಸ್‌ಎಸ್‌ಡಿ ಸುಟ್ಟೇ ಹೋಗಬಹುದು. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ತೆರೆಯಲೇಬೇಡಿ. ಪ್ಲಗ್ ಕಿತ್ತಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತೆ.

ಅಂಗಡಿಗೆ ಹೋಗಿ ಕೇಳಿದೆ. "ಫ್ರೀ ಕೊಟ್ಟಿದ್ದಕ್ಕೆ ಯಾವ ವಾರಂಟಿ ಸರ್?" ಮೊದಲು ಅಣ್ಣ ಆಗಿದ್ದವನು ಈಗ ಸರ್. ಬಿಲ್ ನೋಡಿದರೆ ಎಸ್‌ಎಂಪಿಎಸ್ ಹೆಸರೇ ಇಲ್ಲ, ಕ್ಯಾಬಿನೆಟ್ ಒಂದೇ. ಜಗಳ ಆಡೋಕೆ ಕೈಯಲ್ಲಿ ಕಾಗದ ಇರಲಿಲ್ಲ. ನೀವು ತಗೊಳ್ಳುವಾಗ ಮಾಡೆಲ್, ಸೀರಿಯಲ್ ನಂಬರ್ ಎರಡೂ ಬಿಲ್‌ನಲ್ಲಿ ಬರೆಸಿ. ದೊಡ್ಡ ಅಕ್ಷರದ ವಾಟ್ ಬಿಟ್ಟು 12 ವೋಲ್ಟ್ ಎಷ್ಟು ಆಂಪಿಯರ್ ಅಂತ ಅಂಗಡಿಯಲ್ಲೇ ಓದಿ.

ಇನ್ನೊಂದು ವಿಷಯ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಎಲೆಕ್ಟ್ರಿಷಿಯನ್ ಕಾಕಾ ಬಂದು ಪ್ಲಗ್‌ನಲ್ಲಿ ಫೇಸ್‌ಗೂ ಅರ್ಥ್‌ಗೂ ಮೀಟರ್ ಹಿಡಿದರು. 230 ವೋಲ್ಟ್‌ನ ಹತ್ತಿರ ಬರಬೇಕಿತ್ತು, ತೋರಿಸಿದ್ದು 110ರ ಆಸುಪಾಸು. "ನಿಮ್ಮ ಅರ್ಥ್ ಗುಂಡಿ ಒಣಗಿ ಬಿಟ್ಟೈತಪ್ಪ" ಅಂದು ಉಪ್ಪು, ಇದ್ದಿಲು ಹಾಕಿಸಿ ನಾಲ್ಕು ಕೊಡ ನೀರು ಹೊಯ್ಸಿದರು. ಜುಮ್ ನಿಂತಿತು. ನಮ್ಮೂರ ಬೇಸಿಗೆಯಲ್ಲಿ ಆ ಗುಂಡಿಗೆ ವಾರಕ್ಕೊಮ್ಮೆ ನೀರು ಹಾಕೋದು ಈಗ ಅಮ್ಮನ ಡ್ಯೂಟಿ, ತುಳಸಿಗೆ ಹಾಕಿ ಉಳಿದದ್ದು ಅಲ್ಲಿಗೆ.

ಹೊಸ ಎಸ್‌ಎಂಪಿಎಸ್ ಹಾಕಿ ನಾಲ್ಕು ತಿಂಗಳಾಯಿತು, ಒಂದು ಸಲವೂ ನಿಂತಿಲ್ಲ. ಹಳೇದು ಅಟ್ಟದ ಮೇಲಿದೆ. ಗುಜರಿಗೆ ಹಾಕೋಣ ಅಂದರೆ, ಅಲ್ಲಿಂದ ಯಾರಾದರೂ ಎತ್ತಿಕೊಂಡು ಇನ್ನೊಬ್ಬರ ಕ್ಯಾಬಿನೆಟ್‌ಗೆ ಕೂರಿಸಿಬಿಟ್ಟರೆ ಅಂತ ಯೋಚನೆ. ಎಲ್ಲ ವೈರ್ ಕತ್ತರಿಸಿಯೇ ಕೊಡಬೇಕು.