ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಹೀಟ್ ರ‍್ಯಾಪ್: ಎರಡೂವರೆ ವರ್ಷ ಬಳಸಿ ಬಿಚ್ಚಿಹಾಕಿದೆ

ಎಂಜಿನ್ನಿನ ಬಿಸಿ ಹೊಗೆಯನ್ನು ಹೊರಗೆ ಒಯ್ಯುವ ಪೈಪುಗಳ ಜೋಡಣೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅದರ ಶಾಖ ಸುತ್ತಲೂ ಹರಡದ ಹಾಗೆ ಸುತ್ತುವ ಪಟ್ಟಿ ಹೀಟ್ ರ‍್ಯಾಪ್. ಮೊದಲೇ ಹೇಳಿಬಿಡುತ್ತೇನೆ. ರ‍್ಯಾಪ್ ಹೇಳಿದ ಕೆಲಸ ಮಾಡಿತು. ಆದರೂ ನನ್ನ ಕಾರಿಗೆ ಅದು ಬೇಡವಾಗಿತ್ತು.

ನಮ್ಮದು 1989ರ ಅಂಬಾಸಿಡರ್, 1489 ಸಿಸಿ ಪೆಟ್ರೋಲ್, ಅಪ್ಪ ತೆಗೆದುಕೊಂಡದ್ದು. ಈ ಎಂಜಿನ್‌ನಲ್ಲಿ ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರೂ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಒಂದೇ ಪಕ್ಕದಲ್ಲಿವೆ. ಒಲೆಯ ಮೇಲೆ ಪಾತ್ರೆ ಇಟ್ಟ ಹಾಗೆ. ಓಡುತ್ತಿರುವಾಗ ಗಾಳಿ ಆಡುತ್ತದೆ, ತೊಂದರೆ ಇಲ್ಲ. ಆದರೆ ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಮುಕ್ಕಾಲು ಗಂಟೆ ತೆವಳಿ ಬಂದು, ಎಲ್ಲೋ ಒಂದು ಕಡೆ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಸ್ಟಾರ್ಟೇ ಆಗುತ್ತಿರಲಿಲ್ಲ. ಪೆಟ್ರೋಲಿನ ಹಗುರ ಭಾಗ 40 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗಲು ಶುರುವಾಗುತ್ತದೆ. ಈಗ ಬೆರೆಸುವ ಎಥನಾಲ್ ಕುದಿಯುವುದು 78ಕ್ಕೆ. ಎಂಜಿನ್ ನಿಂತ ಮೇಲೆ ಫ್ಯಾನೂ ಇಲ್ಲ, ತಣ್ಣಗಿನ ಪೆಟ್ರೋಲೂ ಬರುವುದಿಲ್ಲ, ಬಾನೆಟ್ ಕೆಳಗಿನ ಶಾಖವೆಲ್ಲ ಮೇಲೇರಿ ಕಾರ್ಬ್ಯುರೇಟರನ್ನೇ ಹಿಡಿಯುತ್ತದೆ, ಒಳಗಿನ ಪೆಟ್ರೋಲ್ ಆವಿಯಾಗುತ್ತದೆ.

2021ರಲ್ಲಿ ನಾನು ಇದನ್ನು ಇನ್ನಷ್ಟು ಕೆಡಿಸಿದೆ. ಕಂಪನಿಯ ಬೀಡಿನ (ಎರಕದ ಕಬ್ಬಿಣದ) ಮ್ಯಾನಿಫೋಲ್ಡ್ ತೆಗೆಸಿ, ಮೂರು ಪೈಪು ಕೂಡುವ ಮೈಲ್ಡ್ ಸ್ಟೀಲ್ ಹೆಡರ್ ಮಾಡಿಸಿದೆ, 16 ಗೇಜ್ ಪೈಪು. ಶಬ್ದ ಚೆನ್ನಾಗಿತ್ತು, ಎಳೆತವೂ ಸ್ವಲ್ಪ ಜಾಸ್ತಿ. ಆದರೆ ತೆಳು ಪೈಪು ದಪ್ಪ ಬೀಡಿಗಿಂತ ಬೇಗ ಕಾದು ಸುತ್ತಲೂ ಶಾಖ ಕಕ್ಕುತ್ತದೆ. ಅದಕ್ಕೇ 2022ರ ಫೆಬ್ರವರಿಯಲ್ಲಿ ರ‍್ಯಾಪ್ ತಂದೆ. ಎರಡು ಇಂಚು ಅಗಲ, 15 ಮೀಟರ್, ಜೆ.ಸಿ. ರಸ್ತೆಯಲ್ಲಿ 1,900 ರೂಪಾಯಿ, ಜೊತೆಗೆ ಸ್ಟೀಲ್ ಟೈ. 'ಟೈಟಾನಿಯಂ' ಎಂದು ಮಾರುತ್ತಾರೆ, ಆದರೆ ಒಳಗಿರುವುದು ಕರಗಿಸಿದ ಬಸಾಲ್ಟ್ ಕಲ್ಲಿನ ನೂಲು. ಬಿಳಿ ಗಾಜಿನ ನೂಲಿನದಕ್ಕಿಂತ ಇದು ಹೆಚ್ಚು ಬಿಸಿ ತಡೆಯುತ್ತದೆ, ಬೇಗ ಉದುರುವುದೂ ಇಲ್ಲ.

ಸುತ್ತುವುದಕ್ಕೆ ಒಂದು ಭಾನುವಾರ ಪೂರ್ತಿ ಹೋಯಿತು. ಬಕೆಟ್ ನೀರಿನಲ್ಲಿ ನೆನೆಸಿ, ಬಿಗಿಯಾಗಿ ಎಳೆದು, ಹೆಂಚು ಹೊದಿಸುವ ಹಾಗೆ ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಕಾಲಿಂಚು ಬರುವಂತೆ ಸುತ್ತಬೇಕು. ಕೈಗವಸು, ತುಂಬುತೋಳಿನ ಅಂಗಿ, ಮಾಸ್ಕ್ ಇಲ್ಲದೆ ಮುಟ್ಟಲೇಬೇಡಿ. ನಾನು ಮಣಿಕಟ್ಟಿನ ಹತ್ತಿರ ಬಿಟ್ಟ ಒಂದು ಇಂಚು ಚರ್ಮ ಮೂರು ದಿನ ತುರಿಸಿತು. ಮೊದಲ ಸಲ ಕಾಯುವಾಗ ಇಪ್ಪತ್ತು ನಿಮಿಷ ಹೊಗೆ ಬಂತು, ಆಮೇಲೆ ನಿಂತಿತು.

ಫಲ ಸಿಕ್ಕಿತಾ ಅಂದರೆ, ಸಿಕ್ಕಿತು. ವೈರ್ ಇರುವ ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಫ್ಲೋಟ್ ಚೇಂಬರ್‌ಗೆ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಕಟ್ಟಿ ನೋಡಿದ್ದೆ. ಟ್ರಾಫಿಕ್‌ನಿಂದ ಬಂದು ಆಫ್ ಮಾಡಿ ಕಾಲು ಗಂಟೆ ಬಿಟ್ಟು ನೋಡಿದರೆ, ಪಟ್ಟಿ ಸುತ್ತುವ ಮೊದಲು 69 ಡಿಗ್ರಿ ತೋರಿಸುತ್ತಿತ್ತು, ರ‍್ಯಾಪ್ ಹಾಕಿದ ಮೇಲೆ 57. ಆ ಬೇಸಿಗೆ ಒಂದು ಸಲವೂ ದಾರಿಯಲ್ಲಿ ನಿಲ್ಲಲಿಲ್ಲ. ಪವರ್ ಜಾಸ್ತಿ ಆಗುತ್ತದೆ ಎನ್ನುತ್ತಾರಲ್ಲ, ಅದು ಮಾತ್ರ ನನಗೆ ಕಾಣಲಿಲ್ಲ. ನಂದಿ ಬೆಟ್ಟದ ತಿರುವುಗಳಲ್ಲಿ ಮೊದಲು ಎಲ್ಲಿ ಸೆಕೆಂಡ್ ಗೇರ್ ಬೇಕಾಗುತ್ತಿತ್ತೋ ಆಮೇಲೂ ಅಲ್ಲೇ ಬೇಕಾಯಿತು. ಮೈಲೇಜೂ ಅಷ್ಟೇ.

ಕೇಡು ಆದದ್ದು ಒಳಗೆ, ಕಣ್ಣಿಗೆ ಕಾಣದ ಹಾಗೆ.

ಕಾರು ನಿಲ್ಲುವುದು ಜಯನಗರದಲ್ಲಿ ಮನೆ ಮುಂದೆ, ಹೊಂಗೆ ಮರದ ಕೆಳಗೆ, ಬಯಲಲ್ಲಿ. 2022ರ ಸೆಪ್ಟೆಂಬರ್ ಮಳೆ ನೆನಪಿರಬೇಕು, ಹೊರವರ್ತುಲ ರಸ್ತೆಯ ಕಡೆ ಜನರನ್ನು ದೋಣಿ, ಟ್ರ್ಯಾಕ್ಟರಿನಲ್ಲಿ ಸಾಗಿಸಿದ ವರ್ಷ. ರಸ್ತೆಯ ನೀರು ಎರಚಿ ಪಟ್ಟಿ ನೆನೆಯುತ್ತಿತ್ತು. ದಿನಾ ದೂರ ಓಡಿಸಿದ್ದರೆ ಒಣಗುತ್ತಿತ್ತೇನೋ. ನಾನು ಓಡಿಸುತ್ತಿದ್ದದ್ದು ವಾರಕ್ಕೊಮ್ಮೆ ಗಾಂಧಿಬಜಾರಿಗೆ, ಹೋಗಿಬಂದರೆ ಆರು ಕಿಲೋಮೀಟರ್. ಬೆಚ್ಚಗಾಗುತ್ತಿತ್ತು, ಒಣಗುತ್ತಿರಲಿಲ್ಲ. ಹೀಗೆ ಮೂರು ಮಳೆಗಾಲ.

2024ರ ಆಗಸ್ಟ್‌ನಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು. ವಾಲ್ವ್ ಇರಬೇಕು ಎಂದುಕೊಂಡು ವಿಲ್ಸನ್ ಗಾರ್ಡನ್‌ನ ನಮ್ಮ ಹಳೇ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಕಿವಿಗೊಟ್ಟು ಕೇಳಿ, "ಸಾರ್, ಎಕ್ಸಾಸ್ಟ್ ಲೀಕು. ಮೊದಲು ಆ ಪಟ್ಟಿ ಬಿಚ್ಚೋಣ" ಎಂದರು. ಬಿಚ್ಚಿದಂತೆ ಕಬ್ಬಿಣ ಚಕ್ಕೆ ಚಕ್ಕೆಯಾಗಿ ಉದುರಿತು. ಮೂರು ಪೈಪು ಕೂಡುವ ಕಡೆ ವೆಲ್ಡಿಂಗ್ ಪಕ್ಕದಲ್ಲಿ ಬಿರುಕು. ಕೆಳಗಿನ ಬಾಗಿನಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಯಿತು. "ಒದ್ದೆ ಕಂಬಳಿ ಹೊದ್ದು ಕೂತರೆ ಮನುಷ್ಯನೇ ತಡೆಯಲ್ಲ ಸಾರ್" ಎಂದರು.

ಇದರಲ್ಲಿ ಎರಡು ಕೆಲಸ ಒಟ್ಟಿಗೆ ನಡೆದಿವೆ. ರ‍್ಯಾಪ್ ಶಾಖವನ್ನು ಇಲ್ಲವಾಗಿಸುವುದಿಲ್ಲ, ಪೈಪಿನಲ್ಲೇ ತಡೆದಿಡುತ್ತದೆ. ಹಾಗಾಗಿ ಎಳೆದು ಓಡಿಸಿದಾಗಲೆಲ್ಲ ಲೋಹ ಮೊದಲಿಗಿಂತ ಹೆಚ್ಚು ಕಾದು ಮೇಲ್ಮೈ ಸುಟ್ಟು ಪದರ ಏಳುತ್ತದೆ. ನಿಂತಾಗ ಅದೇ ಪಟ್ಟಿ ನೀರು ಹಿಡಿದುಕೊಂಡು ತುಕ್ಕು ತರುತ್ತದೆ.

ಇನ್ನೊಂದು ವಿಷಯ ನೋಡಿ ನಿಜಕ್ಕೂ ಹೆದರಿದೆ. ಮೇಲ್ಭಾಗದ ಪಟ್ಟಿ ಅಂಟಂಟಾಗಿ ಕಪ್ಪಾಗಿತ್ತು. ಟ್ಯಾಪೆಟ್ ಕವರ್ (ಎಂಜಿನ್ನಿನ ಒಂದು ಮುಚ್ಚಳ) ಪ್ಯಾಕಿಂಗ್ ಸಣ್ಣಗೆ ಸೋರಿ, ಆ ಎಣ್ಣೆಯನ್ನು ರ‍್ಯಾಪ್ ಕುಡಿದಿತ್ತು. ಬರಿ ಪೈಪಿನ ಮೇಲೆ ಬಿದ್ದ ಹನಿ ಹೊಗೆಯಾಗಿ ಹೋಗುತ್ತದೆ, ವಾಸನೆ ಬಂದು ನಮಗೆ ಗೊತ್ತಾಗುತ್ತದೆ. ರ‍್ಯಾಪ್‌ನಲ್ಲಿ ಅದು ದೀಪದ ಬತ್ತಿಯ ಹಾಗೆ ಸೇರುತ್ತಾ ಹೋಗುತ್ತದೆ, ಅದೂ ಕಾರ್ಬ್ಯುರೇಟರಿನ ಕೆಳಗೇ. ಮನೆಯವರನ್ನು ಕೂರಿಸಿಕೊಂಡು ಓಡಾಡಿದ್ದೇನೆ ಈ ಕಾರಿನಲ್ಲಿ. ಹಳೇ ಎಂಜಿನ್, ಎಣ್ಣೆ ಸೋರುತ್ತದೆ ಅಂತಿದ್ದರೆ ದಯವಿಟ್ಟು ರ‍್ಯಾಪ್ ಸುತ್ತಬೇಡಿ.

ಈಗ ಅಟ್ಟದಲ್ಲಿದ್ದ ಬೀಡಿನ ಮ್ಯಾನಿಫೋಲ್ಡ್ ಮತ್ತೆ ಹಾಕಿಸಿದ್ದೇನೆ. ಕಾರ್ಬ್ಯುರೇಟರ್ ಕೆಳಗೆ ದಪ್ಪ ಬೇಕಲೈಟ್ ಪ್ಯಾಕಿಂಗ್, ಅದಕ್ಕೂ ಮ್ಯಾನಿಫೋಲ್ಡ್‌ಗೂ ನಡುವೆ ಗಾಳಿ ಆಡಲು ಜಾಗ ಬಿಟ್ಟು ಒಂದು ಅಲ್ಯೂಮಿನಿಯಂ ತಗಡು, ಪೆಟ್ರೋಲ್ ಪೈಪಿಗೆ ಹೊಳೆಯುವ ಶಾಖ ತಡೆಯುವ ಕವಚ. ಎಲ್ಲ ಸೇರಿ 1,400 ರೂಪಾಯಿ. ಈ ಏಪ್ರಿಲ್‌ನಲ್ಲಿ ಅದೇ ಥರ್ಮಾಮೀಟರ್ 60 ತೋರಿಸಿತು. ರ‍್ಯಾಪ್‌ಗಿಂತ ಮೂರು ಡಿಗ್ರಿ ಜಾಸ್ತಿ, ಆದರೆ ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಒಮ್ಮೆ ಮಾತ್ರ ಸ್ಟಾರ್ಟ್ ಆಗಲು ಸತಾಯಿಸಿತು, ಬಾನೆಟ್ ತೆಗೆದು ಐದು ನಿಮಿಷ ಬಿಟ್ಟೆ, ಸರಿಹೋಯಿತು.

ನಿಮ್ಮದು ಒಳ್ಳೆ ಸ್ಟೇನ್‌ಲೆಸ್ ಹೆಡರ್ ಆಗಿದ್ದು, ಕಾರು ಸೂರಿನ ಕೆಳಗೆ ನಿಲ್ಲುತ್ತಿದ್ದು, ಎಣ್ಣೆ ಒಂದು ಹನಿಯೂ ಸೋರದಿದ್ದರೆ ಹಾಕಿ ನೋಡಬಹುದು. ಆಗಲೂ ಮಳೆಗಾಲ ಮುಗಿದ ಮೇಲೆ ಒಂದು ಕಡೆ ಬಿಚ್ಚಿ ಪೈಪು ನೋಡಿ, ಸುಮ್ನೆ ಮೇಲಿಂದ ನೋಡಿದರೆ ಏನೂ ಗೊತ್ತಾಗಲ್ಲ. ಹೊಸ ಕಾರುಗಳಲ್ಲಿ ಕಂಪನಿಯೇ ತಗಡಿನ ಶೀಲ್ಡ್ ಕೊಟ್ಟಿರುತ್ತದೆ, ಅದು ಅಲುಗಾಡದೆ ಗಟ್ಟಿ ಇದೆಯೇ ನೋಡಿಕೊಂಡರೆ ಸಾಕು.

ನನ್ನ ಹತ್ತಿರ ಸುತ್ತದೆ ಉಳಿದ ನಾಲ್ಕು ಮೀಟರ್ ಪಟ್ಟಿ ಇದೆ. ಜಯನಗರದ ಕಡೆಯವರು ಯಾರಿಗಾದರೂ ನಿಜಕ್ಕೂ ಉಪಯೋಗ ಆಗುವುದಾದರೆ ಬಂದು ತೆಗೆದುಕೊಂಡು ಹೋಗಿ, ದುಡ್ಡು ಬೇಡ.