ಸ್ಟಿಲ್ ಎಂಎಸ್ 661: ದಪ್ಪ ದಿಮ್ಮಿ ಕೊಯ್ಯೋರಿಗೆ ಹೇಳಿ ಮಾಡಿಸಿದ ಮೆಷಿನ್, ಆದ್ರೆ ಅರ ಹಿಡಿಯೋಕೆ ಬರ್ಬೇಕು

ಸ್ಟಿಲ್ ಕಂಪನಿಯ ಎಂಎಸ್ 661 ಸಿ-ಎಂ ಚೈನ್ ಸಾ, ಅಂದ್ರೆ ಪೆಟ್ರೋಲಿನಲ್ಲಿ ಓಡೋ ಮರ ಕೊಯ್ಯೋ ಗರಗಸ, ನನ್ನ ಕೈಗೆ ಬಂದು ಎರಡು ವರ್ಷದ ಮೇಲಾಯ್ತು. ಬಿದ್ದ ದೊಡ್ಡ ಮರಗಳನ್ನ ನಾಟಾ ಅಳತೆಗೆ ತುಂಡು ಮಾಡೋದೇ ಇದರ ಕೆಲಸ, ದಿಮ್ಮಿ ಕಮ್ಮಿ ಅಂದ್ರೂ ಎರಡು ಅಡಿ ದಪ್ಪ ಇರುತ್ತೆ, ಬೊಡ್ಡೆ ಕಡೆ ಮೂರು ಅಡಿ ದಾಟೋದೂ ಉಂಟು. ಇದನ್ನ ತಗೊಳ್ಳೋ ಯೋಚನೆಯಲ್ಲಿರೋರು ಎಲ್ಲರೂ ಮೊದಲು ಕೇಳೋದು ಪವರ್ ಹೆಂಗಿದೆ ಅಂತ. ಪವರ್ ವಿಷಯದಲ್ಲಿ ಎರಡು ಮಾತಿಲ್ಲ. ಆದ್ರೆ ಆ ಪವರ್ ಮರಕ್ಕೆ ತಲುಪಬೇಕು ಅಂದ್ರೆ ಚೈನಿನ ಹಲ್ಲು ಸರಿಯಾಗಿ ಮಸೆದಿರ್ಬೇಕು, ಇಲ್ಲಾಂದ್ರೆ ಅರ್ಧ ಸೈಜಿನ ಮೆಷಿನ್ ಇದಕ್ಕಿಂತ ಬೇಗ ಕೊಯ್ಯುತ್ತೆ.

ಇಂಜಿನ್ 91.1 ಸಿಸಿ, 5.4 ಕಿಲೋವ್ಯಾಟ್, ಅಂದ್ರೆ 7 ಹಾರ್ಸ್‌ಪವರ್ ಮೇಲೇನೆ. ತೂಕ ಬಾರು (ಚೈನ್ ಸುತ್ತ ಓಡೋ ಉದ್ದನೆ ಪಟ್ಟಿ) ಚೈನು ಬಿಟ್ಟು 7.4 ಕೆಜಿ, 36 ಇಂಚಿನ ಬಾರ್ ಹಾಕಿ ಪೆಟ್ರೋಲು ಆಯಿಲು ತುಂಬಿಸಿದ್ರೆ ಹತ್ತು ಕೆಜಿ ದಾಟುತ್ತೆ. ಕಾಗದದ ಮೇಲಿನ ಈ ನಂಬರ್ ನೋಡಿ ಮೆಷಿನ್ ಅರ್ಥ ಆಗಲ್ಲ, ಬಾರ್ ಪೂರ್ತಿ ಮರದೊಳಗೆ ಮುಳುಗಿದಾಗ ಗೊತ್ತಾಗುತ್ತೆ. ನಾನು ಇದನ್ನ ಸರಿಯಾಗಿ ನಂಬಿದ್ದು ಒಂದು ಹಳೇ ಹುಣಸೆ ದಿಮ್ಮಿ ಮೇಲೆ. ಹುಣಸೆ ಚೇಗು, ಅಂದ್ರೆ ಒಳಗಿನ ಕಪ್ಪು ತಿರುಳು, ಎಷ್ಟು ಗಟ್ಟಿ ಅಂತ ಕೊಯ್ದೋರಿಗೆ ಗೊತ್ತು, ಮೊದಲು ಇದ್ದ ಸಣ್ಣ ಸಾದಲ್ಲಿ ಹೊರಗಿನ ಬಿಳಿ ಭಾಗ ಸಲೀಸಾಗಿ ಹೋಗ್ತಿತ್ತು, ಚೇಗು ಸಿಕ್ಕಿದ ತಕ್ಷಣ ಇಂಜಿನ್ ಸದ್ದು ಕುಗ್ಗಿ ಚೈನ್ ನಿಂತೇ ಬಿಡ್ತಿತ್ತು, ನಾನು ಮೇಲಿಂದ ಒತ್ತಿ ಒತ್ತಿ ಸೊಂಟ ಹೋಗ್ತಿತ್ತು. 661ರಲ್ಲಿ ಬಾರಿನ ಬುಡದಲ್ಲಿರೋ ಮುಳ್ಳು, ಅಂದ್ರೆ ಸ್ಪೈಕನ್ನ ತೊಗಟೆಗೆ ಚುಚ್ಚಿ ಹಿಂದಿನ ಹ್ಯಾಂಡಲ್ ಸ್ವಲ್ಪ ಎತ್ತಿದ್ರೆ ಸಾಕು, ಅದು ತನ್ನ ತೂಕಕ್ಕೇ ಇಳ್ಕೊಂಡು ಹೋಗುತ್ತೆ, ಚೇಗು ಬಂದಾಗ ಸದ್ದು ಒಂದು ಶ್ರುತಿ ಇಳಿಯುತ್ತೆ ಅಷ್ಟೆ, ನಿಲ್ಲಲ್ಲ. ಒತ್ತಬೇಡಿ ಅಂತ ಅದಕ್ಕೇ ಹೇಳೋದು. ಒತ್ತಬೇಕು ಅನ್ನಿಸಿದ್ರೆ ಚೈನ್ ಮೊಂಡಾಗಿದೆ ಅಂತ ಅರ್ಥ.

ಮೊಂಡಾಗಿದೆಯಾ ಇಲ್ವಾ ಅನ್ನೋಕೆ ಕಾಲ ಬುಡದಲ್ಲಿ ಬೀಳೋದನ್ನ ನೋಡಿ. ಹಲ್ಲು ಚೂಪಾಗಿದ್ರೆ ಉಗುರಿನಗಲ ದಪ್ಪ ದಪ್ಪ ಚಕ್ಕೆ ಬೂಟಿನ ಮೇಲೆ ಬೀಳುತ್ತೆ, ಕೈಲಿ ಹಿಡಿದ್ರೆ ಒಂದೊಂದೂ ಬೇರೆ ಬೇರೆ ಕಾಣುತ್ತೆ. ಮೊಂಡಾದಾಗ ಬರೋದು ಹಿಟ್ಟಿನಂಥ ಪುಡಿ, ಜೊತೆಗೆ ಸುಟ್ಟ ವಾಸನೆ. ಆ ಪುಡಿ ಕಂಡ ಮೇಲೂ ಇನ್ನೊಂದೇ ಕಟ್ ಅಂತ ಮುಂದುವರಿಸಿದ್ರೆ ಬಾರ್ ಕಾಯುತ್ತೆ, ಚೈನ್ ಸಡಿಲ ಆಗುತ್ತೆ, ಪೆಟ್ರೋಲೂ ದಂಡ.

36 ಇಂಚಿನ ಬಾರಿಗೆ ಹಾಕೋ ಫುಲ್ ಚೈನ್‌ನಲ್ಲಿ, ಅಂದ್ರೆ ನಡುವೆ ಹಲ್ಲು ಬಿಡದೆ ಇರೋದ್ರಲ್ಲಿ, ಕೊಯ್ಯೋ ಹಲ್ಲು ಸುಮಾರು 57 ಇರ್ತವೆ, ಒಂದೊಂದಕ್ಕೂ ಮೂರು ಸಲ ಅರ ಎಳೆದ್ರೂ ಲೆಕ್ಕ ಹಾಕಿ ಎಷ್ಟಾಯ್ತು ಅಂತ. ನಾನು ಹಾಕೋದು 3/8 ಇಂಚು ಪಿಚ್ (ಕೊಂಡಿಗಳ ಅಂತರದ ಅಳತೆ) ಚೈನು, ಅದಕ್ಕೆ 5.2 ಎಂಎಂ ಗುಂಡು ಅರ. ಎಡಗಡೆ ಹಲ್ಲು ಬಲಗಡೆ ಹಲ್ಲು ಒಂದೇ ಉದ್ದ ಇರ್ಬೇಕು, ಇದು ಎಲ್ಲಕ್ಕಿಂತ ಮುಖ್ಯ. ನಾನು ಬಲಗೈಯೋನು, ಶುರುವಿನಲ್ಲಿ ಒಂದು ಕಡೆ ಹಲ್ಲು ಚೆನ್ನಾಗಿ ತೀಡ್ತಿದ್ದೆ, ಇನ್ನೊಂದು ಕಡೆ ಕೈ ಸರಿ ಕೂರ್ತಿರ್ಲಿಲ್ಲ. ಮೂರಡಿ ದಿಮ್ಮಿಯಲ್ಲಿ ಕಟ್ ನೇರ ಇಳಿಯೋ ಬದಲು ಬಿಲ್ಲಿನ ಥರ ಬಾಗ್ಕೊಂಡು ಹೋಯ್ತು, ಬಾರ್ ಆ ಬಾಗಿನಲ್ಲೇ ಬಿಗಿಯಾಗಿ ಸಿಕ್ಕಾಕೊಳ್ತು, ಬೆಣೆ ಹೊಡ್ದು ಬಿಡಿಸೋಕೆ ಮುಕ್ಕಾಲು ಗಂಟೆ. ಒಳ್ಳೇ ನಾಟಾ ತುಂಡಿನ ತುದಿ ಓರೆಯಾಗಿ ಹಾಳಾಯ್ತು, ಈಗ್ಲೂ ನೆನೆಸ್ಕೊಂಡ್ರೆ ಬೇಜಾರಾಗುತ್ತೆ. ಸಣ್ಣ ಬಾರಿನಲ್ಲಿ ಈ ತಪ್ಪು ಗೊತ್ತೇ ಆಗಲ್ಲ, ಉದ್ದ ಬಾರು ಯಾವುದನ್ನೂ ಮುಚ್ಚಿಡಲ್ಲ.

ಹಲ್ಲಿನ ಮುಂದಿರೋ ಡೆಪ್ತ್ ಗೇಜನ್ನ, ಅಂದ್ರೆ ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ತಡೆಯೋ ಉಬ್ಬನ್ನ, ತುಂಬಾ ಜನ ಮರೀತಾರೆ. ಹಲ್ಲು ಸವೆದಂಗೆ ಅದನ್ನೂ ಚಪ್ಪಟೆ ಅರದಲ್ಲಿ ಇಳಿಸ್ಬೇಕು, ಹಲ್ಲಿಗಿಂತ ಸುಮಾರು 0.65 ಎಂಎಂ ಕೆಳಗಿದ್ರೆ ಸರಿ. ಇಳಿಸದಿದ್ರೆ ಎಷ್ಟು ಚೂಪು ಮಾಡಿದ್ರೂ ಚೈನ್ ಮರದ ಮೇಲೆ ಜಾರುತ್ತೆ, ಜಾಸ್ತಿ ಇಳಿಸಿದ್ರೆ ಹಲ್ಲು ಕಚ್ಚಿ ಎಳೆಯುತ್ತೆ, ಕಿಕ್‌ಬ್ಯಾಕ್, ಅಂದ್ರೆ ಬಾರ್ ನಮ್ಮ ಕಡೆಗೇ ಹಾರಿ ಬರೋ ಅಪಾಯ ಜಾಸ್ತಿ. ಇಷ್ಟು ಶಕ್ತಿ ಇರೋ ಮೆಷಿನ್‌ನಲ್ಲಿ ಕಣ್ಣಳತೆ ಬೇಡ, ಅಳತೆ ಪಟ್ಟಿ ಇಟ್ಟೇ ಮಾಡಿ. ತುಂಬಾ ದಪ್ಪ ದಿಮ್ಮಿಗೆ ಸ್ಕಿಪ್ ಚೈನ್ ಒಳ್ಳೇದು, ಹಲ್ಲು ಕಮ್ಮಿ, ನಡುವೆ ಜಾಗ ಜಾಸ್ತಿ, ಚಕ್ಕೆ ಕಟ್ಟಿಕೊಳ್ಳದೆ ಹೊರಗೆ ಬರುತ್ತೆ, ಮಸೆಯೋ ಕೆಲಸವೂ ಕಮ್ಮಿ. ದುಡ್ಡು ಉಳಿಸೋಕೆ ಅಂತ ಒಂದು ಸಲ ಯಾವುದೋ ಅಗ್ಗದ ಚೈನ್ ತಂದು ಹಾಕಿದ್ದೆ, ಒಂದೇ ದಿನದಲ್ಲಿ ನಾಲ್ಕು ಸಲ ಟೈಟ್ ಮಾಡ್ಬೇಕಾಯ್ತು, ಸಂಜೆಗೆ ಬಿಚ್ಚಿ ಎಸೆದೆ.

ಇನ್ನೊಂದು ವಿಷಯ, ದಯವಿಟ್ಟು ಇದನ್ನ ಓದಿ. 7 ಹಲ್ಲಿನ ಸ್ಪ್ರಾಕೆಟ್ (ಚೈನ್ ಎಳೆಯೋ ಹಲ್ಲು ಚಕ್ರ), 3/8 ಚೈನ್, ಇಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗಿದ್ರೆ ಚೈನ್ ಓಡೋದು ಸೆಕೆಂಡಿಗೆ 21 ಮೀಟರ್ ಮೇಲೆ. ಕಾಲಿಗೆ ಹಾಕೋ ಚೈನ್ ಸಾ ಪ್ಯಾಂಟ್‌ಗಳಲ್ಲಿ ಕ್ಲಾಸ್ 1 ಅಂದ್ರೆ ಟೆಸ್ಟ್ ಮಾಡಿರೋದು ಸೆಕೆಂಡಿಗೆ 20 ಮೀಟರ್‌ಗೆ, ಕ್ಲಾಸ್ 2 ಆದ್ರೆ 24ಕ್ಕೆ, ಕ್ಲಾಸ್ 3 ಆದ್ರೆ 28ಕ್ಕೆ. ಸಣ್ಣ ಸಾಗೆ ಅಂತ ತಂದ ಕ್ಲಾಸ್ 1 ಪ್ಯಾಂಟ್ ಹಾಕ್ಕೊಂಡು ಇದನ್ನ ಹಿಡಿದ್ರೆ ರಕ್ಷಣೆ ಇದೆ ಅನ್ನೋ ಧೈರ್ಯ ಮಾತ್ರ ಇರುತ್ತೆ. ಒಳಗಿರೋ ಉದ್ದ ನೂಲು ಎಳೆದು ಬಂದು ಸ್ಪ್ರಾಕೆಟ್‌ಗೆ ಸುತ್ಕೊಂಡು ಚೈನ್ ನಿಲ್ಲಿಸೋದೇ ಅದರ ಕೆಲಸ, ವೇಗ ಜಾಸ್ತಿ ಆದಷ್ಟೂ ಆ ನೂಲಿಗೆ ಸಮಯ ಸಿಗಲ್ಲ. ಹೆಲ್ಮೆಟ್, ಕಿವಿಗೆ ಮಫ್, ಮುಖಕ್ಕೆ ಜಾಲರಿ ಇವೆಲ್ಲ ಬಿಡೋ ಮಾತೇ ಇಲ್ಲ.

ಉಳಿದಂತೆ ಸ್ಟಾರ್ಟಿಂಗ್ ಬಗ್ಗೆ ನಂಗೆ ದೂರಿಲ್ಲ. ಇಂಜಿನ್ ಒಳಗಿನ ಒತ್ತಡ ಇಳಿಸೋ ಡಿಕಂಪ್ರೆಷನ್ ಬಟನ್ ಒತ್ತಿ ಎಳೀರಿ, ಇಲ್ಲಾಂದ್ರೆ ಹಗ್ಗ ಕೈ ಕಿತ್ಕೊಂಡು ಹೋಗುತ್ತೆ. ಎಂ-ಟ್ರಾನಿಕ್ ಅನ್ನೋ ಎಲೆಕ್ಟ್ರಾನಿಕ್ ಕಂಟ್ರೋಲ್ ಇರೋದ್ರಿಂದ ಕಾರ್ಬುರೇಟರ್ ಸ್ಕ್ರೂ ತಿರುಗಿಸೋ ಕೆಲಸ ಇಲ್ಲ, ಬಿಸಿಲು ಚಳಿ ಎತ್ತರ ನೋಡ್ಕೊಂಡು ತಾನೇ ಸೆಟ್ ಮಾಡ್ಕೊಳ್ಳುತ್ತೆ, ಆದ್ರೆ ಕೆಟ್ಟರೆ ಮರದ ಬುಡದಲ್ಲಿ ಕೂತು ರಿಪೇರಿ ಮಾಡೋ ಹಂಗಿಲ್ಲ, ಅದನ್ನ ತಿಳ್ಕೊಂಡೇ ತಗೊಳ್ಳಿ. ಬಾರ್ ಮುಚ್ಚಳದ ನಟ್ ಬಿಚ್ಚಿದ್ರೂ ಕೆಳಗೆ ಬೀಳಲ್ಲ, ಕಾಡಲ್ಲಿ ಎಲೆ ಕಸದೊಳಗೆ ನಟ್ ಹುಡುಕಿದೋರಿಗೆ ಇದರ ಬೆಲೆ ಗೊತ್ತು. ಪೆಟ್ರೋಲ್ 50ಕ್ಕೆ 1, ಅಂದ್ರೆ ಲೀಟರಿಗೆ 20 ಎಂಎಲ್ ಟೂ-ಸ್ಟ್ರೋಕ್ ಆಯಿಲ್. ಟ್ಯಾಂಕ್ 0.85 ಲೀಟರ್, ದಪ್ಪ ದಿಮ್ಮಿಯಲ್ಲಿ ಫುಲ್ ಥ್ರಾಟಲ್ ಹಿಡಿದ್ರೆ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷಕ್ಕೆ ಖಾಲಿ. ಎಥನಾಲ್ ಸೇರಿದ ಪೆಟ್ರೋಲು ನೀರಿನಂಶ ಎಳ್ಕೊಳ್ಳುತ್ತೆ, ಹಾಗಾಗಿ ಬೆರೆಸಿದ್ದನ್ನ ತಿಂಗಳುಗಟ್ಟಲೆ ಕ್ಯಾನ್‌ನಲ್ಲಿ ಇಡ್ಬೇಡಿ.

ಕೊಂಬೆ ಸವರೋಕೆ ಇದು ಬೇಡವೇ ಬೇಡ, ಹತ್ತು ನಿಮಿಷಕ್ಕೆ ತೋಳು ಬೀಳುತ್ತೆ. ನಿಮ್ಮ ಮರ ಹೆಚ್ಚಾಗಿ ಒಂದೂವರೆ ಅಡಿ ಒಳಗೇ ಇದ್ರೆ 60-70 ಸಿಸಿ ಸಾಕು, ಇದು ಸುಮ್ನೆ ಹೊರೆ. ತೂಕವೇ ಚಿಂತೆ ಅಂದ್ರೆ ಇದೇ ಕಂಪನಿಯ ಎಂಎಸ್ 500ಐ ನೋಡಿ, 79.2 ಸಿಸಿ, 5 ಕಿಲೋವ್ಯಾಟ್, 6.2 ಕೆಜಿ, ಕಾರ್ಬುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್, 25-28 ಇಂಚಿನ ಬಾರ್‌ವರೆಗೆ ನಾನಾಗಿದ್ರೆ ಅದನ್ನೇ ಹಿಡೀತೀನಿ. ಹಸ್ಕ್‌ವಾರ್ನಾ 395 ಎಕ್ಸ್‌ಪಿ 93.6 ಸಿಸಿ, 7.9 ಕೆಜಿ, ಸ್ಕ್ರೂಡ್ರೈವರ್‌ನಲ್ಲಿ ತಾನೇ ಟ್ಯೂನ್ ಮಾಡ್ಕೊಳ್ಳೋರಿಗೆ ಅದು ಸರಿ. ದಿಮ್ಮಿಯನ್ನ ಉದ್ದುದ್ದ ಸೀಳಿ ಹಲಗೆ ತೆಗೆಯೋದೇ ದಿನದ ಕೆಲಸ ಆದ್ರೆ ಎಂಎಸ್ 881 ಕಡೆ ಹೋಗಿ, 121.6 ಸಿಸಿ.

661 ತಗೊಳ್ಳೋದು ಅಂತ ಆದ್ರೆ ಬಾರ್ ಎರಡು ತಗೊಳ್ಳಿ, ದಿನದ ಕೆಲಸಕ್ಕೆ 25 ಇಂಚು, ಬೊಡ್ಡೆಗೆ 36. ಒಂದೊಂದಕ್ಕೂ ಮಸೆದ ಚೈನ್ ಎರಡು ಜೊತೆಗಿರ್ಲಿ, ಬೆಣೆ ಪ್ಲಾಸ್ಟಿಕ್‌ದೇ ಇಟ್ಕೊಳ್ಳಿ, ಕಬ್ಬಿಣದ ಬೆಣೆಗೆ ಚೈನ್ ತಾಗಿದ್ರೆ ಆ ಐವತ್ತೇಳು ಹಲ್ಲನ್ನೂ ಮತ್ತೆ ಮೊದಲಿಂದ ಕೂತು ಮಸೀಬೇಕು.